ಪೆನೆಲೊಪಿಯ ಅಮ್ಮನ ಬಗ್ಗೆ

ಪೆನೆಲೊಪಿ ಸಿನಿಮಾ ನೋಡಿದವರ ಹತ್ರ ಮಾತಾಡಿದಾಗೆಲ್ಲ ಒಂದೋ ಅವರು ಆ ಹುಡುಗಿ ಮೂಗಿನ ವಿಷಯ ಎತ್ತುತ್ತಾರೆ, ಇಲ್ಲಾಂದ್ರೆ ಜೇಮ್ಸ್ ಮ್ಯಾಕವಾಯ್ ಅದ್ರಲ್ಲಿ ಎಷ್ಟು ಮುದ್ದಾಗಿದಾನೆ ಅಂತಾರೆ. ಎರಡೂ ನಿಜಾನೇ. ಆದ್ರೆ ನನಗೆ ಆ ಸಿನಿಮಾ ಅಂದ್ರೆ ಮೊದಲು ನೆನಪಾಗೋದು ಅವಳಮ್ಮ, ಕ್ಯಾಥರೀನ್ ಒಹಾರಾ ಮಾಡಿರೋ ಜೆಸಿಕಾ ವಿಲ್ಹರ್ನ್. ಒಂದು ಸೀನಲ್ಲಿ ಆಯಮ್ಮನ ಮೇಲೆ ರೇಗಿಹೋಗುತ್ತೆ, ಮುಂದಿನ ಸೀನಲ್ಲಿ ಪಾಪ ಅನ್ಸುತ್ತೆ, ಮತ್ತೆ ಸಿಟ್ಟು ಬರುತ್ತೆ. ಕೆಟ್ಟವಳಲ್ಲ. ಮಗಳನ್ನ ಪ್ರೀತಿಸ್ತಾಳೆ, ಅದ್ರಲ್ಲಿ ಒಂಚೂರೂ ಅನುಮಾನ ಇಲ್ಲ, ಮತ್ತೆ ಆ ಹುಡುಗಿಗೆ ಅತಿ ಹೆಚ್ಚು ನೋವು ಕೊಟ್ಟಿರೋದೂ ಅವಳೇ. ಇವೆರಡೂ ಒಂದೇ ಕೈಯಿಂದ ಹೆಂಗಾಗುತ್ತೆ ಅನ್ನೋದು ನನ್ನನ್ನ ಬಹಳ ದಿನದಿಂದ ಕಾಡ್ತಿದೆ, ಅದನ್ನೇ ಇಲ್ಲಿ ಬರೆದು ನೋಡ್ತಿದೀನಿ.

ಕತೆ ಗೊತ್ತಿಲ್ಲದವರಿಗೆ ಬೇಗ ಹೇಳಿಬಿಡ್ತೀನಿ. ಮಾರ್ಕ್ ಪಲಾನ್ಸ್ಕಿ ನಿರ್ದೇಶನ, 2006ರಲ್ಲಿ ಟೊರಾಂಟೊ ಚಿತ್ರೋತ್ಸವದಲ್ಲಿ ಮೊದಲು ತೋರಿಸಿದ್ರು, ಅಮೆರಿಕದಲ್ಲೂ ಇಂಗ್ಲೆಂಡಲ್ಲೂ ಥಿಯೇಟರಿಗೆ ಬಂದಿದ್ದು 2008ರಲ್ಲಿ. ವಿಲ್ಹರ್ನ್ ಅನ್ನೋ ಶ್ರೀಮಂತ ಮನೆತನದ ಹುಡುಗ ಮನೆಗೆಲಸದ ಹುಡುಗೀನ ಬಸಿರು ಮಾಡ್ತಾನೆ, ಮನೆಯವರು ಮದುವೆಗೆ ಬಿಡಲ್ಲ, ಆ ಹುಡುಗಿ ಪ್ರಾಣ ಕಳ್ಕೊಳ್ತಾಳೆ. ಅವಳ ತಾಯಿ ಮಾಟಗಾತಿ, ಈ ವಂಶದಲ್ಲಿ ಮುಂದೆ ಹುಟ್ಟೋ ಹೆಣ್ಣಿಗೆ ಹಂದಿ ಮೂತಿ ಬರ್ಲಿ ಅಂತ ಶಾಪ ಹಾಕ್ತಾಳೆ. ಅವಳ ಪೈಕಿಯವರೇ ಒಬ್ರು ಅವಳನ್ನ ಸಾಯೋವರೆಗೂ ತಮ್ಮವಳು ಅಂತ ಒಪ್ಕೊಂಡಾಗ ಮಾತ್ರ ಶಾಪ ಬಿಡುಗಡೆ. ತಲೆಮಾರುಗಟ್ಲೆ ಬರೀ ಗಂಡು ಹುಟ್ಟಿ ಹುಟ್ಟಿ ಕೊನೆಗೆ ಪೆನೆಲೊಪಿ ಹುಟ್ತಾಳೆ, ಅಂದ್ರೆ ಕ್ರಿಸ್ಟಿನಾ ರಿಚ್ಚಿ. ಆಪರೇಷನ್ ಮಾಡೋಕಾಗಲ್ಲ, ಮೆದುಳಿಗೆ ಹೋಗೋ ದೊಡ್ಡ ರಕ್ತನಾಳ ಆ ಮೂಗಿನೊಳಗೇ ಹಾದು ಹೋಗಿದೆ. ಪತ್ರಿಕೆಯವರ ಕಾಟ ತಡೀಲಾರದೆ ಅಮ್ಮ ಮಗು ಸತ್ತೋಯ್ತು ಅಂತ ಊರಿಗೆಲ್ಲ ಸಾರಿ, ಮನೆಯೊಳಗೇ ಬೆಳೆಸ್ತಾಳೆ. ವಯಸ್ಸಿಗೆ ಬಂದ್ಮೇಲೆ ಶುರುವಾಗುತ್ತೆ ಗಂಡು ಹುಡುಕೋದು.

ಶಾಪದಲ್ಲಿ "ಅವಳ ಪೈಕಿ" ಅಂದಿದ್ದನ್ನ ಆ ಮನೆಯವರು ಅರ್ಥ ಮಾಡ್ಕೊಂಡಿದ್ದು ಒಂದೇ ರೀತಿ. ದೊಡ್ಡ ಮನೆತನದ ಗಂಡು ಬೇಕು, ಅಷ್ಟೆ. ಬೇರೆ ಥರ ಇರಬಹುದಾ ಅಂತ ಯಾರೂ ಯೋಚನೆನೂ ಮಾಡ್ಲಿಲ್ಲ.

ಗಂಡಿನ ಕಡೆಯವರು ಬಂದಾಗ

ಆ ಹೆಣ್ಣು ನೋಡೋ ಸೀನ್‌ಗಳು ನಮ್ಮೋರಿಗೆ ಅರ್ಥವಾದಷ್ಟು ಬೇರೆ ಯಾರಿಗೂ ಅರ್ಥ ಆಗಲ್ಲ ಅಂತ ನನ್ನ ನಂಬಿಕೆ. ಪೆನೆಲೊಪಿ ಒಂದು ಗಾಜಿನ ಹಿಂದೆ ಕೂತಿರ್ತಾಳೆ, ಈ ಕಡೆಯಿಂದ ಅದು ಕನ್ನಡಿ, ಆ ಕಡೆಯಿಂದ ಕಿಟಕಿ. ಅವಳಿಗೆ ಹುಡುಗ ಕಾಣ್ತಾನೆ, ಹುಡುಗನಿಗೆ ಅವಳು ಕಾಣಲ್ಲ. ಮಾತಾಡ್ತಾರೆ, ನಗ್ತಾರೆ, ಅವನು ಈಗ್ಲೇ ಮದುವೆಗೆ ರೆಡಿ ಅಂತಾನೆ, ಅವಳು ಹೊರಗೆ ಬರ್ತಾಳೆ, ಅವನು ಮಹಡಿ ಕಿಟಕಿ ಒಡ್ಕೊಂಡು ಹಾರಿ ಓಡ್ತಾನೆ. ಹಿಂದೇನೇ ಮನೆ ಬಟ್ಲರು ರನ್ನಿಂಗ್ ಶೂ ಹಾಕ್ಕೊಂಡು ಅಟ್ಟಿಸ್ಕೊಂಡು ಹೋಗಿ, ಯಾರಿಗೂ ಹೇಳಲ್ಲ ಅಂತ ಪೇಪರಿಗೆ ಸೈನ್ ಹಾಕಿಸ್ಕೊಂಡು ಬರ್ತಾನೆ. ನಗು ಬರೋ ಹಂಗೇ ತೆಗೆದಿದಾರೆ. ನನಗೂ ನಗು ಬಂತು. ಆದ್ರೆ ಆಮೇಲೆ ಅವಳು ಗಾಜಿನ ಹಿಂದಕ್ಕೆ ವಾಪಸ್ ಹೋಗ್ತಾಳಲ್ಲ, ಇದು ಅವಳಿಗೆ ರೂಢಿ ಆಗೋಗಿದೆ ಅನ್ನೋದು ಆ ನಡಿಗೆಯಲ್ಲೇ ಗೊತ್ತಾಗುತ್ತೆ.

ನನಗೆ ತೊನ್ನಿದೆ. ಎಡ ಮಣಿಕಟ್ಟಿನಿಂದ ಮೊಣಕೈವರೆಗೆ, ಮತ್ತೆ ಎಡ ಕಿವಿ ಕೆಳಗೆ ಕುತ್ತಿಗೆಗೆ ಇಳಿಯೋ ಥರ ಒಂದು ಬಿಳಿ ಮಚ್ಚೆ. ಚರ್ಮಕ್ಕೆ ಬಣ್ಣ ಕೊಡೋ ಜೀವಕೋಶಗಳನ್ನ ದೇಹದ ರೋಗನಿರೋಧಕ ಶಕ್ತಿನೇ ನಾಶ ಮಾಡೋದ್ರಿಂದ ಬರೋದು ಇದು, ಮುಟ್ಟಿದ್ರೆ ಅಂಟಲ್ಲ, ನೋವೂ ಇಲ್ಲ, ಕುಷ್ಠಕ್ಕೂ ಇದಕ್ಕೂ ಸಂಬಂಧನೇ ಇಲ್ಲ. ಇದೆಲ್ಲ ಡಾಕ್ಟ್ರು ಅಮ್ಮನಿಗೆ ಬಿಡಿಸಿ ಬಿಡಿಸಿ ಹೇಳಿದ್ರು, ಅಮ್ಮನಿಗೆ ಅರ್ಥಾನೂ ಆಗಿತ್ತು. ಆದ್ರೆ ಅರ್ಥ ಆಗಬೇಕಿರೋದು ತನಗಲ್ಲ, ನೋಡೋಕೆ ಬರೋರಿಗೆ ಅಂತ ಅವಳ ವಾದ.

ತುಮಕೂರಲ್ಲಿ ಏಪ್ರಿಲ್ ಬಿಸಿಲು. ನಂಗೆ ಮಣಿಕಟ್ಟಿನವರೆಗೂ ಬರೋ ತುಂಬು ತೋಳಿನ ಬ್ಲೌಸ್ ಹೊಲಿಸಿದ್ಲು ಅಮ್ಮ, ಕತ್ತು ಮುಚ್ಚೋ ಹಂಗೆ ಸೆರಗು ಹೊದಿಸಿ ಒಳಗಿಂದ ಪಿನ್ ಹಾಕಿದ್ಲು. ಬೆಳಿಗ್ಗೆನೇ ನಡುಮನೆ ಕುರ್ಚಿಗಳನ್ನೆಲ್ಲ ಅಪ್ಪನ ಹತ್ರ ತಿರುಗಿಸಿ ಹಾಕಿಸಿದ್ಲು, ನಾನು ಕೂತ್ರೆ ಕಿಟಕಿ ಬೆಳಕು ಬಲಗಡೆ ಕೆನ್ನೆಗೆ ಮಾತ್ರ ಬೀಳೋ ಹಾಗೆ. ಗಂಡಿನ ಕಡೆಯವರಿಗೆ ವಿಷಯ ಗೊತ್ತಿರ್ಲಿಲ್ಲ, ಮಧ್ಯದವರ ಹತ್ರ ಸ್ವಲ್ಪ ಅಲರ್ಜಿ ಇದೆ ಅಂತ ಹೇಳಿದ್ರಂತೆ. ಅಡುಗೆಮನೆ ಬಾಗಿಲ ಪರದೆ ಸಂದಿಯಿಂದ ಹುಡುಗನ್ನ ನಾನೇ ಮೊದಲು ನೋಡಿದ್ದು. ಕೇಸರಿಬಾತಿನ ತುಪ್ಪ ಬೆರಳಿಗೆ ಅಂಟಿತ್ತು ಅನ್ಸುತ್ತೆ, ಕರ್ಚೀಫಲ್ಲಿ ಒಂದೊಂದೇ ಬೆರಳು ಒರೆಸ್ಕೊಳ್ತಿದ್ದ. ಒಳ್ಳೆ ಹುಡುಗನ ಥರಾನೇ ಕಂಡ.

ಕಾಫಿ ತಟ್ಟೆ ಹಿಡ್ಕೊಂಡು ಹೋದೆ. ಹುಡುಗನ ದೊಡ್ಡಮ್ಮ ಅಂತೆ, ತುಂಬಾ ಅಕ್ಕರೆಯ ಹೆಂಗಸು, ನನ್ನ ಮುಖದ ಮೇಲೆ ಬೆವರು ನೋಡಿ "ಅಯ್ಯೋ ಇಷ್ಟು ಸೆಕೆಲಿ ಉದ್ದ ತೋಳು ಯಾಕಮ್ಮ, ಮಡಿಸ್ಕೋ" ಅಂತ ಪ್ರೀತಿಯಿಂದಾನೇ ನನ್ನ ತೋಳಿಗೆ ಕೈ ಹಾಕಿದ್ರು. ಅವರ ಬೆರಳು ಅಂಚನ್ನ ಮುಟ್ಟೋ ಅಷ್ಟ್ರಲ್ಲಿ ಅಮ್ಮನ ಕೈ ಮಧ್ಯೆ ಬಂತು. ನನ್ನ ಮಣಿಕಟ್ಟನ್ನ ಗಟ್ಟಿಯಾಗಿ ಹಿಡ್ಕೊಂಡು, ಇನ್ನೊಂದು ಕೈಲಿ ಲೋಟ ಎತ್ತಿ ಅವರ ಮುಂದೆ ಹಿಡಿದು "ಕಾಫಿ ಆರುತ್ತೆ, ತಗೊಳ್ಳಿ" ಅಂದ್ಲು. ಅಮ್ಮನ ಕೈ ನಡುಗ್ತಿತ್ತು. ಬೆರಳಿನ ಒತ್ತು ಬಟ್ಟೆ ಮೇಲಿಂದಾನೂ ಗೊತ್ತಾಗ್ತಿತ್ತು. ನನ್ನನ್ನ ಯಾರೂ ನೋಯಿಸಬಾರದು ಅಂತ ಆ ಕೈ ಹೇಳ್ತಿತ್ತು, ಅದು ನಂಗೆ ಅವತ್ತೇ ಗೊತ್ತಿತ್ತು. ನಿನ್ನಲ್ಲಿ ನೋಡಬಾರದ್ದು ಏನೋ ಇದೆ ಅಂತಾನೂ ಅದೇ ಕೈ ಹೇಳ್ತಿತ್ತು, ಅದೂ ಗೊತ್ತಾಯ್ತು.

ನಮ್ಮಲ್ಲಿ ಯಾರೂ ಕಿಟಕಿಯಿಂದ ಹಾರಲ್ಲ. ಜಾತಕ ಕೂಡಿಬರ್ಲಿಲ್ಲ ಅಂತ ಹೇಳಿ ಕಳಿಸ್ತಾರೆ. ಹಾಗೇ ಆಯ್ತು. (ಆಮೇಲೆ ನನ್ನ ಮದುವೆ ಏನಾಯ್ತು ಅನ್ನೋದು ಈ ಬರಹಕ್ಕೆ ಬೇಡ, ನಾನು ಚೆನ್ನಾಗಿದೀನಿ.)

ಜೆಸಿಕಾ ಮಗಳಿಗೆ ಸಿನಿಮಾ ಪೂರ್ತಿ ಹೇಳೋ ಒಂದು ಮಾತಿದೆ, ಇದು ನಿನ್ನ ಮೂಗಲ್ಲ, ನಿಮ್ಮ ಮುತ್ತಜ್ಜನ ಅಪ್ಪಂದು, ನಿಜವಾದ ನೀನು ಒಳಗಿದೀಯ, ಹೊರಗೆ ಬರೋಕೆ ಕಾಯ್ತಿದೀಯ ಅನ್ನೋ ಧಾಟಿ. ಕೇಳೋಕೆ ಸಮಾಧಾನದ ಮಾತು. ಆದ್ರೆ ದಿನಾ ಕನ್ನಡಿಲಿ ಕಾಣೋ ಮುಖ ನಿಂದಲ್ಲ ಅಂತ ಮಗುವಿಗೆ ಹೇಳ್ತಾ ಬೆಳೆಸಿದ್ರೆ ಆ ಮಗು ಎಲ್ಲಿ ಇರಬೇಕು? ನಮ್ಮಮ್ಮನೂ ಮುಲಾಮು ಹಚ್ಚೋವಾಗ "ಹೋಗುತ್ತೆ ಪುಟ್ಟಾ, ಹೋದ್ಮೇಲೆ ನೋಡು" ಅಂತಿದ್ಲು. ಹೋದ್ಮೇಲೆ ಡ್ಯಾನ್ಸ್ ಸೇರ್ಕೋ, ಹೋದ್ಮೇಲೆ ಟೂರಿಗೆ ಹೋಗು, ಹೋದ್ಮೇಲೆ ಫೋಟೋ ತೆಗೆಸೋಣ. ಎಲ್ಲಾದಕ್ಕೂ ಹೋದ್ಮೇಲೆ. ಹೀಗಾಗಿ ನಮ್ಮನೆ ಆಲ್ಬಮ್ಮಲ್ಲಿ ನನ್ನ ಹದಿವಯಸ್ಸಿನ ಫೋಟೋಗಳೇ ಇಲ್ಲ.

ಡಬ್ಲಿನ್ನಿನ ಹೆಂಗಸು

ಹಂದಿ ಮೂತಿ ಹುಡುಗಿ ಕತೆ ಈ ಸಿನಿಮಾದವರು ಹೊಸದಾಗಿ ಹುಟ್ಟಿಸಿದ್ದಲ್ಲ ಅಂತ ನಂಗೆ ತಡವಾಗಿ ಗೊತ್ತಾಯ್ತು, ಗೊತ್ತಾದ್ಮೇಲೆ ಅದ್ರ ಹಿಂದೆ ಬಿದ್ದೆ. ಯೂರೋಪಲ್ಲಿ ಇದು ನಾನೂರು ವರ್ಷದ ಹಳೇ ಪುಕಾರು. 1640ರಲ್ಲಿ ಲಂಡನ್ನಲ್ಲಿ ಅಚ್ಚಾದ ಒಂದು ಪುಟ್ಟ ಪುಸ್ತಕದಲ್ಲಿ ಟ್ಯಾನಕಿನ್ ಸ್ಕಿಂಕರ್ ಅನ್ನೋ ಹೆಸರಿನ ಶ್ರೀಮಂತ ಮನೆ ಹುಡುಗಿ ಬರ್ತಾಳೆ, ತಾಯಿ ಬಸಿರಲ್ಲಿದ್ದಾಗ ಒಬ್ಬ ಮುದುಕಿಗೆ ಭಿಕ್ಷೆ ಹಾಕದೆ ಕಳಿಸಿದ್ದಕ್ಕೆ ತಟ್ಟಿದ ಶಾಪ, ಒಳ್ಳೆ ಮನೆತನದ ಗಂಡು ಮದುವೆಯಾದ್ರೆ ವಿಮೋಚನೆ, ವರದಕ್ಷಿಣೆ ಆಸೆಗೆ ಬಂದ ಗಂಡುಗಳು ಮುಖ ನೋಡಿ ಪರಾರಿ. ಪೆನೆಲೊಪಿ ಕತೆಯ ಅರ್ಧ ಆಗ್ಲೇ ಅಲ್ಲಿದೆ. 1815ರ ಹೊತ್ತಿಗಂತೂ ಲಂಡನ್ನಿನ ಮ್ಯಾಂಚೆಸ್ಟರ್ ಸ್ಕ್ವೇರ್‌ನಲ್ಲಿ ಇಂಥ ಒಬ್ಳು ಇದಾಳೆ ಅಂತ ಊರೆಲ್ಲ ಸುದ್ದಿ, ಅವಳ ಜೊತೆಗಿರೋ ಕೆಲಸ ಕೊಡಿ ಅಂತ, ಅವಳನ್ನ ಮದುವೆಯಾಗ್ತೀನಿ ಅಂತ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟಿದ್ರು ಜನ. ಜಾತ್ರೆಗಳಲ್ಲಿ ಕರಡಿ ಮುಖ ಬೋಳಿಸಿ, ಹೆಂಗಸರ ಬಟ್ಟೆ ತೊಡಿಸಿ, ಹಂದಿ ಮುಖದ ಲೇಡಿ ಅಂತ ದುಡ್ಡಿಗೆ ತೋರಿಸ್ತಿದ್ರು. ಆ ಕರಡಿಯ ಪಾಡು ನೆನೆಸ್ಕೊಂಡ್ರೆ ಹೊಟ್ಟೆ ಕಿವುಚುತ್ತೆ.

ಇವೆಲ್ಲ ಕಟ್ಟುಕತೆ. ಆದ್ರೆ ಗ್ರಿಸೆಲ್ಡಾ ಸ್ಟೀವನ್ಸ್ ನಿಜವಾಗ್ಲೂ ಬದುಕಿದ್ದ ಹೆಂಗಸು. ಅವರ ಅವಳಿ ಸೋದರ ರಿಚರ್ಡ್ ಸ್ಟೀವನ್ಸ್ ಐರ್ಲೆಂಡಿನ ಡಬ್ಲಿನ್ನಲ್ಲಿ ಡಾಕ್ಟ್ರು, 1710ರಲ್ಲಿ ತೀರ್ಕೊಂಡಾಗ ಆಸ್ತಿಯನ್ನ ಗ್ರಿಸೆಲ್ಡಾ ಬದುಕಿರೋವರೆಗೂ ಅವರಿಗೆ, ಆಮೇಲೆ ಬಡವರಿಗೆ ಒಂದು ಆಸ್ಪತ್ರೆ ಕಟ್ಟೋಕೆ ಅಂತ ಬರೆದಿಟ್ಟಿದ್ರು. ಈ ಮಹಾತಾಯಿ ತಾನು ಸಾಯೋವರೆಗೂ ಕಾಯ್ಲಿಲ್ಲ, ತನಗೆ ಒಂದಿಷ್ಟು ಉಳಿಸ್ಕೊಂಡು ಆಸ್ಪತ್ರೆ ಕೆಲಸ ಶುರು ಮಾಡಿಸಿದ್ರು, 1733ರಲ್ಲಿ ಅದು ಬಾಗಿಲು ತೆಗೀತು. ಅವರಿಗೆ ಕಣ್ಣಿನ ತೊಂದ್ರೆ ಇತ್ತು, ಬೆಳಕು ಆಗ್ತಿರ್ಲಿಲ್ಲ, ಅದಕ್ಕೆ ಹೊರಗೆ ಬಂದಾಗ ಮುಖದ ಮೇಲೆ ತೆಳು ಪರದೆ ಹಾಕ್ಕೊಳ್ತಿದ್ರು. ಅಷ್ಟೇ ಸಾಕಾಯ್ತು ಜನಕ್ಕೆ, ಆಯಮ್ಮಂದು ಹಂದಿ ಮುಖ ಅಂತ ಹಬ್ಬಿಸಿದ್ರು. ಸುಳ್ಳು ಅಂತ ತೋರಿಸೋಕೆ ಅವರು ಬಾಲ್ಕನಿಯಲ್ಲಿ ಎಲ್ಲರಿಗೂ ಕಾಣೋ ಹಾಗೆ ಕೂತ್ಕೊಂಡ್ರಂತೆ, ತಮ್ಮ ಚಿತ್ರ ಬರೆಸಿ ಆಸ್ಪತ್ರೆಯಲ್ಲೇ ತೂಗುಹಾಕಿಸಿದ್ರಂತೆ. ಜನ ನಂಬ್ಲಿಲ್ಲ.

ಇದನ್ನ ಓದಿದಾಗಿನಿಂದ ಪೆನೆಲೊಪಿಯ ಸ್ಕಾರ್ಫು ನಂಗೆ ಬೇರೆ ಥರ ಕಾಣ್ತಿದೆ. ಮನೆಬಿಟ್ಟು ಓಡಿಬಂದಾಗ ಅವಳು ಮೂಗಿನವರೆಗೂ ಒಂದು ಸ್ಕಾರ್ಫ್ ಸುತ್ಕೊಂಡು ಊರೆಲ್ಲ ತಿರುಗ್ತಾಳೆ, ಮೊದಲ ಸಲ ಪಬ್ಬಿಗೆ ಹೋಗ್ತಾಳೆ, ಸ್ಕೂಟರಿನ ಆನಿ ಅನ್ನೋ ಗೆಳತಿ ಸಿಗ್ತಾಳೆ (ಆನಿ ಪಾತ್ರ ಮಾಡಿರೋ ರೀಸ್ ವಿದರ್‌ಸ್ಪೂನ್ ಈ ಸಿನಿಮಾದ ನಿರ್ಮಾಪಕರಲ್ಲೂ ಒಬ್ರು). ಮುಚ್ಕೊಂಡಿರೋವರೆಗೂ ಎಲ್ಲರ ಕುತೂಹಲ ಆ ಬಟ್ಟೆ ಮೇಲೆ. ಅಮ್ಮ ಅವಳನ್ನ ವರ್ಷಗಟ್ಲೆ ಬಚ್ಚಿಟ್ಟಿದ್ದಕ್ಕೇ ಅಲ್ವಾ ಆ ಪತ್ರಕರ್ತ ಲೆಮನ್, ಪೀಟರ್ ಡಿಂಕ್ಲೇಜ್ ಎಷ್ಟು ಚೆನ್ನಾಗಿ ಮಾಡಿದಾರೆ ಅದನ್ನ, ಒಂದು ಕಣ್ಣು ಕಳ್ಕೊಂಡ್ರೂ ಬಿಡದೆ ಹಿಂದೆ ಬಿದ್ದಿದ್ದು? ಕೊನೆಗೆ ದುಡ್ಡು ಖಾಲಿಯಾದಾಗ ಪೆನೆಲೊಪಿ ಮಾಡೋ ಕೆಲಸ ಏನು ಗೊತ್ತಾ, ಫೋಟೋ ಬೂತ್‌ನಲ್ಲಿ ತನ್ನ ಫೋಟೋ ತಾನೇ ತೆಗೆದು ಅದೇ ಪತ್ರಿಕೆಯವರಿಗೆ ಮಾರ್ತಾಳೆ. ಇಡೀ ಸಿನಿಮಾದಲ್ಲಿ ನಾನು ಚಪ್ಪಾಳೆ ಹೊಡೆದ ಜಾಗ ಅದು. ಮುಂದೆ ಅವಳು ಕುಸಿದು ಬಿದ್ದು ಸ್ಕಾರ್ಫ್ ಜಾರಿ ಮುಖ ಕಂಡಾಗ ಜನ ಕಿರುಚಿ ಓಡಲ್ಲ, ಅವಳ ಜೊತೆ ಫೋಟೋ ಬೇಕು ಅಂತ ಮುಗಿಬೀಳ್ತಾರೆ.

ಆ ಮೂಗು ನೋಡೋಕೆ ಅಷ್ಟೇನೂ ಭಯಂಕರ ಇಲ್ಲ, ಮುದ್ದಾಗೇ ಇದೆ, ಅದು ಸಿನಿಮಾದ ದೌರ್ಬಲ್ಯ ಅಂತ ತುಂಬ ಜನ ಅಂತಾರೆ. ನಾನು ಒಪ್ಪಲ್ಲ. ಇಷ್ಟು ಚಿಕ್ಕದಕ್ಕೆ ಗಂಡಸರು ಕಿಟಕಿ ಹಾರ್ತಾರೆ ಅನ್ನೋದನ್ನ ನಂಬೋಕಾಗಲ್ಲ ಅನ್ನೋರಿಗೆ ನನ್ನ ಕುತ್ತಿಗೆ ತೋರಿಸಬೇಕು. ಅಂಗೈಯಷ್ಟೂ ಇಲ್ಲ ಆ ಮಚ್ಚೆ.

ಹಯವದನ ಮತ್ತು ಆ ಮೂಗು

ಕನ್ನಡದವರು ಈ ಸಿನಿಮಾ ನೋಡಿದ್ರೆ ಹಯವದನ ನೆನಪಾಗದೆ ಇರಲ್ಲ. ಕಾರ್ನಾಡರ ನಾಟಕದಲ್ಲಿ ಕುದುರೆ ತಲೆಯ ಆ ಮನುಷ್ಯ ಪೂರ್ಣ ಆಗಬೇಕು ಅಂತ ದೇವರುಗಳ ಬಾಗಿಲೆಲ್ಲ ತಟ್ಟಿ ಕಾಳಿ ಹತ್ರ ಹೋಗ್ತಾನೆ, ಕಾಳಿ ಅವನ ಮಾತು ಪೂರ್ತಿ ಮುಗಿಯೋ ಮುಂಚೆನೇ ವರ ಕೊಟ್ಬಿಡ್ತಾಳೆ, ಇವನು ಪೂರ್ಣ ಕುದುರೆ ಆಗಿಬಿಡ್ತಾನೆ. ಮನುಷ್ಯನ ದನಿ ಮಾತ್ರ ಉಳ್ಕೊಂಡಿರುತ್ತೆ, ಕೊನೆಗೆ ಆ ಮಗು ಜೊತೆ ನಗ್ತಾ ನಗ್ತಾ ಅದೂ ಹೋಗಿ ಹೇಷಾರವ ಬರುತ್ತೆ. ಅಷ್ಟು ದಿನ ಮಾತು ಬಿಟ್ಟಿದ್ದ ಮಗು ನಗೋದೂ ಅದೇ ಹೊತ್ತಲ್ಲಿ. ಒಂದು ಹವ್ಯಾಸಿ ತಂಡ ಮಾಡಿದ ಪ್ರಯೋಗ ನೋಡಿದ್ದೆ, ಆ ಕೊನೇ ನಗು ಬಂದಾಗ ನನಗೆ ಅಳು ಬಂದಿತ್ತು, ಖುಷಿಗೆ. ಮನುಷ್ಯ ಆಗೋದೇ ಬಹುಮಾನ ಅಂತ ಕಾರ್ನಾಡರು ಹೇಳ್ಲಿಲ್ಲ. ನಾಟಕ ಶುರುವಾಗೋದೇ ಗಣೇಶನ ಪೂಜೆಯಿಂದ, ಆನೆ ತಲೆ, ಮುರಿದ ದಂತ, ಅವನೇ ವಿಘ್ನ ಕಳೆಯೋನು.

ಪೆನೆಲೊಪಿಯಲ್ಲಿ ಹಾಗಾಗಲ್ಲ, ನಂಗೆ ಈ ಸಿನಿಮಾ ಮೇಲಿರೋ ದೊಡ್ಡ ತಕರಾರು ಇದೇ. ಕಿಟಕಿ ಹಾರಿದವರಲ್ಲಿ ಒಬ್ಬನಾದ ಎಡ್ವರ್ಡ್ ಜೊತೆಗೇ ಕೊನೆಗೆ ಮದುವೆ ನಿಶ್ಚಯ ಆಗುತ್ತೆ, ಅವನಿಗೆ ಮನಸ್ಸಿಲ್ಲ, ಅವಳಿಗೂ ಇಲ್ಲ. ಹಸೆಮಣೆ ಹತ್ರ ಬಂದವಳು ಒಲ್ಲೆ ಅಂತ ಓಡ್ತಾಳೆ, ಅಮ್ಮ ಅಟ್ಟಿಸ್ಕೊಂಡು ಬಂದು ಹ್ಞೂಂ ಅಂದುಬಿಡು, ನಿನ್ನ ಇಡೀ ಬದುಕೇ ಹೊಸದಾಗುತ್ತೆ ಅಂತ ಅಂಗಲಾಚ್ತಾಳೆ. ನಂಗೆ ಹೊಸಬಳಾಗೋದು ಬೇಡ, ನಾನಿರೋ ಹಾಗೇ ನಂಗಿಷ್ಟ ಅಂತಾಳೆ ಮಗಳು. ಆ ಮಾತು ಬಾಯಿಂದ ಬಂದಿದ್ದೇ ತಡ, ಶಾಪ ಕಳೆದು ಮೂಗು ಸರಿಹೋಗುತ್ತೆ. ಅವಳ ಪೈಕಿಯವರು ಅಂದ್ರೆ ಅವಳೇ, ತನ್ನನ್ನ ತಾನು ಒಪ್ಕೊಂಡ್ಲು, ಮುಗೀತು. ಕೇಳೋಕೆ ಚೆನ್ನಾಗಿದೆ. ಆದ್ರೆ ಆ ಮೂಗು ಉಳಿಬೇಕಿತ್ತು. ಇರೋ ಹಾಗೇ ಇಷ್ಟ ಅಂದವಳಿಗೆ ಬೇರೆ ಮುಖ ಕೊಟ್ರೆ ಅದು ಬಹುಮಾನ ಹೆಂಗಾಗುತ್ತೆ? ನನ್ನ ಮಚ್ಚೆ ಹೋಗಿಲ್ಲ, ಹೋಗೋದೂ ಇಲ್ಲ ಅನ್ಸುತ್ತೆ, ನಾನು ಅರ್ಧ ತೋಳಿನ ಕುರ್ತಾ ಹಾಕ್ಕೊಂಡು ಬಸ್ಸಲ್ಲಿ ಓಡಾಡ್ತೀನಿ. ಇಂಥ ಬದುಕನ್ನ ತೋರಿಸೋ ಧೈರ್ಯ ಮಾಡೋಕೆ ಅವರಿಗೆ ಒಂದೇ ಒಂದು ಹೆಜ್ಜೆ ಬಾಕಿ ಇತ್ತು. ಆಮೇಲೆ ಹ್ಯಾಲೊವೀನ್ ದಿನ ಊರವರು ಅವಳ ಹಂದಿ ಮೂಗಿನ ಮುಖವಾಡ ಹಾಕ್ಕೊಂಡು ಓಡಾಡ್ತಾರೆ, ಅವಳು ಅದೇ ಮುಖವಾಡ ಹಾಕ್ಕೊಂಡು ಮ್ಯಾಕವಾಯ್ ಮಾಡಿರೋ ಜಾನಿಯನ್ನ ಹುಡುಕ್ಕೊಂಡು ಹೋಗ್ತಾಳೆ, ಶಾಪ ಕಳೆದಿದ್ದು ಗೊತ್ತಿಲ್ಲದೆನೇ ಅವನು ಅವಳನ್ನ ಒಪ್ಕೊಳ್ತಾನೆ. ಆ ಸೀನ್ ನನಗೆ ತುಂಬಾ ಇಷ್ಟ. ಆದ್ರೂ ತಕರಾರು ತಕರಾರೇ.

ಜಾನಿ ಬಗ್ಗೆ ಜಾಸ್ತಿ ಬರೀಲಿಲ್ಲ ನಾನು. ದುಡ್ಡಿಗಾಗಿ ಬೇರೆ ಹೆಸರು ಹೇಳ್ಕೊಂಡು ಬಂದವನು, ಓಡದೆ ಉಳಿದ ಒಬ್ಬನೇ ಗಂಡು. ಅವಳು ಮದುವೆ ಆಗು ಅಂತ ಬೇಡ್ಕೊಂಡಾಗ ಆಗಲ್ಲ ಅಂತಾನೆ, ದೊಡ್ಡ ಮನೆತನದವನಲ್ಲ, ತನ್ನಿಂದ ಶಾಪ ಕಳಿಯಲ್ಲ ಅಂತ. ಒಳ್ಳೆ ಹುಡುಗ. ಆದ್ರೆ ಅವನು ಬಂದಿದ್ರೂ ಬರದೆ ಇದ್ರೂ ಶಾಪ ಕಳೀತಿತ್ತು, ಸಿನಿಮಾ ಅಷ್ಟು ದೂರ ಬಂದಿದ್ದೇ ದೊಡ್ಡ ವಿಷಯ.

ನಾನು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಕೇಳ್ತೀನಿ. ಅವಳ ಪೈಕಿಯವರು ಅಂದ್ರೆ ಅವಳೇ ಆಗಬಹುದು ಅಂದ್ಮೇಲೆ, ಹೆತ್ತ ತಾಯಿ ಯಾಕೆ ಆಗಬಾರದು? ಹುಟ್ಟಿದ ದಿನ ಆ ಮಗೂನ ಎತ್ಕೊಂಡು, ಮೂಗು ಸಮೇತ ಇವಳು ನನ್ನ ಮಗಳು, ಸಾಯೋವರೆಗೂ ಅಂತ ಜೆಸಿಕಾ ಅಂದಿದ್ರೆ ತೊಟ್ಟಿಲಲ್ಲೇ ಶಾಪ ಕಳೀತಿತ್ತೇನೋ. ಗಂಡು ಹುಡುಕೋ ಅಗತ್ಯನೇ ಇರ್ತಿರ್ಲಿಲ್ಲ. ಜೆಸಿಕಾ ಮಗಳನ್ನ ಒಪ್ಕೊಂಡ್ಲು, ಮೂಗನ್ನ ಒಪ್ಕೊಳ್ಲಿಲ್ಲ, ಎರಡನ್ನೂ ಬೇರೆ ಬೇರೆ ಮಾಡಿ ಇಟ್ಲು. ಅವಳ ಭಯ ನಂಗೆ ಅರ್ಥ ಆಗುತ್ತೆ. ಹೊರಗಿನವರು ಮಗಳನ್ನ ನೋಯಿಸೋ ಮೊದ್ಲೇ ತಾನೇ ಅಡ್ಡ ನಿಂತ್ಲು, ಆದ್ರೆ ಯಾರಿಗೆ ಅಡ್ಡ ನಿಂತ್ಲೋ ಅವರ ಕಣ್ಣಲ್ಲೇ ಮಗಳನ್ನ ನೋಡೋಕೆ ಶುರು ಮಾಡಿಬಿಟ್ಲು.

ಅಮ್ಮ ನೋಡಿದ್ಮೇಲೆ

ಹೋದ ತಿಂಗಳು ಅಮ್ಮನಿಗೆ ಈ ಸಿನಿಮಾ ತೋರಿಸ್ದೆ, ಲ್ಯಾಪ್‌ಟಾಪಲ್ಲಿ, ನಡುನಡುವೆ ನಿಲ್ಲಿಸಿ ಕನ್ನಡದಲ್ಲಿ ಹೇಳ್ತಾ. ಗಂಡುಗಳು ಹಾರಿದಾಗ ಜೋರಾಗಿ ನಕ್ಲು. ಮೂಗು ಸರಿಹೋದಾಗ "ಸದ್ಯ" ಅಂದ್ಲು, ನಾನೇನೂ ಹೇಳ್ಲಿಲ್ಲ. ಆದ್ರೆ ಕೊನೆ ಹತ್ರ ಒಂದು ಸೀನ್ ಬರುತ್ತಲ್ಲ, ಇಷ್ಟು ವರ್ಷ ಮನೇಲಿದ್ದ ಬಟ್ಲರ್ ಜೇಕೇ ಆ ಮಾಟಗಾತಿ ಅಂತ ಗೊತ್ತಾಗಿ, ಮಾತು ನಿಲ್ಲಿಸದ ಜೆಸಿಕಾಳ ಬಾಯಿ ಕಟ್ಟಿ ಹೋಗ್ತಾಳೆ, ಜೆಸಿಕಾ ದನಿನೇ ಹೊರಡದೆ ನಿಂತಿರ್ತಾಳೆ. ನಗಿಸೋಕೆ ಅಂತ ಇಟ್ಟಿರೋದು. ಅಮ್ಮ ನಗ್ಲಿಲ್ಲ. "ಬಾಯಿ ಯಾಕೆ ಕಟ್ಟಬೇಕಿತ್ತು? ಇನ್ನು ಮಗಳ ಹತ್ರ ಅವಳು ಹೇಳ್ಕೊಳ್ಳೋದು ಹೆಂಗೆ?" ಅಂತ ಕೇಳಿದ್ಲು.

ಅದು ನಂಗೆ ಹೊಳೆದೇ ಇರ್ಲಿಲ್ಲ. ಸಿನಿಮಾದಲ್ಲಿ ತಪ್ಪು ಮಾಡಿದ ಗಂಡಸರಿಗೆಲ್ಲ ಬದಲಾಗೋಕೆ ಅವಕಾಶ ಇದೆ, ಲೆಮನ್ ಬದಲಾಗ್ತಾನೆ, ಜಾನಿ ಬದಲಾಗ್ತಾನೆ. ತಾಯಿಗೆ ಮಾತ್ರ ಬಾಯಿ ಮುಚ್ಚೋ ಶಿಕ್ಷೆ. ಮೂಗಿನ ತಕರಾರಿಗಿಂತ ಇದು ದೊಡ್ಡದು ಅಂತ ಈಗ ನಂಗೂ ಅನ್ಸಿದೆ.

ಆಮೇಲೆ ಅವತ್ತಿನ ಬ್ಲೌಸಿನ ವಿಷಯ ತಾನಾಗೇ ಎತ್ತಿದ್ಲು ಅಮ್ಮ. ಮಧ್ಯದವರಿಗೆ ಅಲರ್ಜಿ ಅಂತ ಹೇಳಿಸಿದ್ದು ಅವಳಲ್ವಂತೆ, ಅಪ್ಪ ಅಂತೆ, ನಂಗಿದು ಗೊತ್ತೇ ಇರ್ಲಿಲ್ಲ. ಕುರ್ಚಿ ತಿರುಗಿಸಿದ್ದು ಮಾತ್ರ ತನ್ನದೇ ಯೋಚನೆ, ಹಿಂದಿನ ರಾತ್ರಿ ಒಂದೊಂದೇ ಕುರ್ಚಿಲಿ ತಾನೇ ಕೂತು ಬೆಳಕು ಎಲ್ಲಿ ಬೀಳುತ್ತೆ ಅಂತ ಅಂದಾಜು ಮಾಡಿದ್ಲಂತೆ. "ಆವಯ್ಯನ ದೊಡ್ಡಮ್ಮ ತೋಳು ಮಡಿಸಿದ್ರೆ ಊರೆಲ್ಲ ಆಡ್ಕೊಳ್ತಿತ್ತು ಕಣೆ, ಇವತ್ತಾದ್ರೂ ನಾನು ಕೈ ಹಿಡಿದೇ ಹಿಡಿತೀನಿ" ಅಂದ್ಲು. ನಾನು ಒಪ್ಪಲಿಲ್ಲ, ಮಡಿಸೋಕೆ ಬಿಡಬೇಕಿತ್ತು ಅಂದೆ. ಮಡಿಸಿ ಏನಾಗ್ತಿತ್ತು ಅಂತ ಅವಳು, ಏನೂ ಆಗ್ತಿರ್ಲಿಲ್ಲ ಅಂತ ನಾನು. ಊಟದ ಹೊತ್ತಿಗೂ ಮುಗೀಲಿಲ್ಲ ಅದು. ಮುಂದಿನ ವಾರ ಸೋದರತ್ತೆ ಬರ್ತಿದಾರೆ, ಅವರಿಗೂ ಸಿನಿಮಾ ಹಾಕು ಅಂತ ಅಮ್ಮನೇ ಹೇಳಿದಾಳೆ, ಕೊನೆ ಸೀನ್ ಬಂದಾಗ ನೀನು ನಿಲ್ಲಿಸು, ಆ ಮಾಟಗಾತಿ ಮಾಡಿದ್ದು ಯಾಕೆ ತಪ್ಪು ಅಂತ ನಾನೇ ಹೇಳ್ತೀನಿ ಅಂದಿದಾಳೆ.